ಜಲಜಾಕ್ಷಿ ಸುಟ್ಟ ಕಲ್ಲು

ಪಡುಬಿದ್ರಿಯ ಜಲಜಾಕ್ಷಿಗೆ ಪ್ರಶ್ನೆ ಕೇಳುವ ಚಟ. ಚಟ ಎಂದರೆ ಚಟವೇ. ಕೆಲವರಿಗೆ ಎಲೆಅಡಿಕೆ, ಕೆಲವರಿಗೆ ನಶ್ಯ, ಈ ಹೆಂಗಸಿಗೆ ಪ್ರಶ್ನೆ. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಒಂದು ಇಂಡಿಯನ್ ಸ್ಕೂಲಿನ ಬಸ್ಸಿಗೆ ಆಕೆ ನ್ಯಾನಿ. ಬೆಳಿಗ್ಗೆ ಸಣ್ಣ ಮಕ್ಕಳನ್ನು ಕೈ ಹಿಡಿದು ಹತ್ತಿಸಬೇಕು, ಬೆಲ್ಟ್ ಹಾಕಬೇಕು. ಮಧ್ಯಾಹ್ನ ಅವೇ ಮಕ್ಕಳನ್ನು ಚೀಲ, ನೀರಿನ ಬಾಟಲಿ, ಕಳಚಿ ಬಿದ್ದ ಶೂ ಸಮೇತ ಬಾಗಿಲಿಗೆ ಮುಟ್ಟಿಸಬೇಕು. ಕೆಲಸ ಇಷ್ಟೇ. ಉಳಿದ ಹೊತ್ತಿನಲ್ಲಿ ಕೇಳುತ್ತಲೇ ಇರುತ್ತಾಳೆ. ಒಂಟೆಗೆ ಮೊಣಕಾಲಿನ ಮೇಲೆ ಅಷ್ಟು ದಪ್ಪ ಚರ್ಮ ಯಾಕೆ, ಖರ್ಜೂರದ ಮರಕ್ಕೆ ಗಂಡು ಹೆಣ್ಣು ಉಂಟೆಂಬುದು ನಿಜವೇ, ಎ.ಸಿ. ಹೊರಗೆ ಎಸೆದ ಸೆಕೆ ಕೊನೆಗೆ ಎಲ್ಲಿಗೆ ಹೋಗುತ್ತದೆ. ಈ ಕೊನೆಯ ಪ್ರಶ್ನೆ ಗಂಡ ಗುಣಪಾಲನಿಗೆ, ಯಾಕೆಂದರೆ ಅವನು ಒಂದು ಎ.ಸಿ. ರಿಪೇರಿ ಕಂಪನಿಯಲ್ಲಿ ಫೋರ್‌ಮನ್.

ಉತ್ತರ ಗೊತ್ತಿಲ್ಲದಿದ್ದರೂ ಉತ್ತರ ಕೊಟ್ಟೇ ಕೊಡುವ ಗಂಡಸರ ಪಂಗಡ ಒಂದಿದೆ. ಗುಣಪಾಲ ಅದರ ಮುಂದಾಳು. ಒಂದು ದಿನ ಮಕ್ಕಳನ್ನೆಲ್ಲ ಇಳಿಸಿದ ಮೇಲೆ ಬಸ್ಸು ಡೀಸೆಲ್ ಹಾಕಿಸಲು ನಿಂತಿದ್ದಾಗ ಜಲಜಾಕ್ಷಿಗೆ ಹೊಸ ಸಂಶಯ ಹುಟ್ಟಿತು. ತನ್ನೂರಲ್ಲಿ ನೆಲ ತೋಡಿದರೆ ನೀರು ಬರುತ್ತದೆ, ಇಲ್ಲಿ ತೋಡಿದರೆ ಎಣ್ಣೆ ಬರುತ್ತದೆ. ಯಾಕೆ? ಪೇಶಾವರದ ಡ್ರೈವರು ದೇವರು ಕೊಟ್ಟದ್ದು ಎಂದ. ಕೊಟ್ಟದ್ದು ದೇವರೇ ಇರಲಿ, ಅದರ ಬಗ್ಗೆ ಆಕೆಯ ತಕರಾರಿಲ್ಲ. ತಯಾರಿಸಿದ ಕ್ರಮ ಯಾವುದು ಎಂದು ಆಕೆಗೆ ಗೊತ್ತಾಗಬೇಕಿತ್ತು. ಮನೆಗೆ ಬಂದು ಗಂಡನನ್ನು ಕೇಳಿದರೆ ಅವನು ಟಿ.ವಿ.ಯಿಂದ ಕಣ್ಣು ಕೀಳದೆ, "ಅದು ಡೈನೋಸಾರಿನ ಕೊಬ್ಬು ಮಾರಾಯ್ತಿ. ಕರಗಿ ಕರಗಿ ಅಡಿಯಲ್ಲಿ ದೊಡ್ಡ ಕಪ್ಪು ಕೆರೆ ಆಗಿದೆ," ಎಂದ. ಜಲಜಾಕ್ಷಿ ನಂಬಿದಳು. ನಂಬಿದ್ದಷ್ಟೇ ಅಲ್ಲ, ಮರುದಿನ ಬಸ್ಸಿನಲ್ಲಿ ಕೇಜಿ ಮಕ್ಕಳಿಗೆಲ್ಲ ಹೇಳಿ ಮುಗಿಸಿದಳು. ಮಕ್ಕಳು ಕಿಟಕಿಯಿಂದ ಮರಳು ನೋಡುತ್ತಾ ಕೆಳಗಿನ ಕೆರೆಗೆ ಬಸ್ಸು ಬಿದ್ದರೆ ಏನು ಗತಿ ಎಂದು ಹೆದರಿದವು. ಒಬ್ಬಳಂತೂ ಇಳಿಯುವಾಗ ತುದಿಗಾಲಲ್ಲಿ ಇಳಿದಳು.

ಅವರು ಇರುವುದು ಒಂದು ಹಳೆಯ ವಿಲ್ಲಾದ ಮೇಲಿನ ಪಾಲಿನಲ್ಲಿ. ಕೆಳಗೆ ಭಟ್ಕಳದ ಅಬ್ದುಲ್ ಹಮೀದರ ಸಂಸಾರ. ಅವರಿಗೆ ಮುಸಫಾದಲ್ಲಿ ಬಟ್ಟೆ ಅಂಗಡಿ, ಮಗಳು ನುಹಾಳಿಗೆ ಕಲ್ಲು ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಉದ್ಯೋಗ. ಅಂಗಳದ ಆಚೆ ಮೂಲೆಯ ಪಾಲಿನಲ್ಲಿ ಅಗಾತಾ ಟೀಚರ್. ಜಲಜಾಕ್ಷಿಯ ಸ್ಕೂಲಿನಲ್ಲೇ ಅವರು ಕೇಜಿ ಟೀಚರ್, ಊರು ಶಿರ್ವ. ಗಂಡ ಆಸ್ವಾಲ್ಡ್ ಮರುಭೂಮಿಯಲ್ಲಿ ಎಣ್ಣೆಬಾವಿ ಕೊರೆಯುವ ರಿಗ್ಗಿನಲ್ಲಿ ಕ್ರೇನ್ ನಡೆಸುತ್ತಿದ್ದವರು, ಎರಡು ವರ್ಷದ ಹಿಂದೆ ಎದೆನೋವಿನಲ್ಲಿ ತೀರಿಕೊಂಡರು. ಜಲಜಾಕ್ಷಿ ಈ ವಿಲ್ಲಾಕ್ಕೆ ಬಂದದ್ದು ಕಳೆದ ಚಳಿಗಾಲದಲ್ಲಿ, ಹಾಗಾಗಿ ಆಕೆ ಅವರನ್ನು ನೋಡಿದ್ದು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ.

ಇಲ್ಲಿ ಬೇಸಿಗೆಯ ಒಂದು ಪದ್ಧತಿ ಇದೆ. ಜುಲೈ ಬಂತೆಂದರೆ ಅರ್ಧ ಊರು ಖಾಲಿ. ಊರಿಗೆ ಹೋಗುವವರು ತಮ್ಮ ಬೀಗದ ಕೈಯನ್ನು ಹೋಗದವರ ಕೈಗೆ ಕೊಟ್ಟು ಹೋಗುತ್ತಾರೆ, ಜೊತೆಗೆ ಗಿಡಗಳನ್ನೂ. ಎರಡು ದಿನ ನೀರು ತಪ್ಪಿದರೆ ಗಿಡ ಹಪ್ಪಳವಾಗುವ ಕಾಲ ಅದು. ನೀರು ಹಾಕುವವರು ದಿನಾ ಸಂಜೆ ಗಿಡದ ಫೋಟೋ ತೆಗೆದು ಊರಿಗೆ ಕಳಿಸಬೇಕು. ಅಲ್ಲಿ ಮಳೆ ನೋಡುತ್ತಾ ಕೂತವರು ಅದನ್ನು ದೊಡ್ಡದು ಮಾಡಿ ಎಲೆ ಎಲೆ ಪರೀಕ್ಷಿಸುತ್ತಾರೆ. ಈ ವರ್ಷ ಗುಣಪಾಲನಿಗೆ ರಜೆ ಸಿಗಲಿಲ್ಲ. ಜುಲೈ ಆಗಸ್ಟಿನಲ್ಲಿ ಎ.ಸಿ.ಯವರಿಗೆ ರಜೆ ಕೊಡುವ ಹುಚ್ಚು ಕಂಪನಿ ಈ ದೇಶದಲ್ಲಿಲ್ಲ. ಹಾಗಾಗಿ ಅಗಾತಾ ಟೀಚರ ಬೀಗದ ಕೈ ಜಲಜಾಕ್ಷಿಯ ಪಾಲಿಗೆ ಬಂತು. ಅವರ ಸಿಟ್‌ಔಟಿನ ನೆರಳಿನಲ್ಲಿ ಹತ್ತಾರು ಕುಂಡಗಳಿದ್ದವು, ನಡುವೆ ಒಂದು ಶಂಕರಪುರ ಮಲ್ಲಿಗೆ.

ಹೀಗಿರುವಾಗ ಆಟಿ ಅಮಾವಾಸ್ಯೆ ಬಂತು. ಆ ದಿನ ತುಳುನಾಡಿನವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯಬೇಕು. ಎಲ್ಲಿದ್ದರೂ ಕುಡಿಯಬೇಕು. ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆದು, ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಅರೆದು, ಹಿಂಡಿದ ರಸಕ್ಕೆ ಕೆಂಪಗೆ ಕಾಯಿಸಿದ ಬಿಳಿ ಬೆಣಚುಕಲ್ಲನ್ನು ಚುಂಯ್ ಎಂದು ಮುಳುಗಿಸುವುದು ಕ್ರಮ. ಕುಡಿದವರ ಮುಖ ಒಂದು ಗಳಿಗೆ ಮನುಷ್ಯರ ಮುಖದಂತಿರುವುದಿಲ್ಲ. ತೊಗಟೆಯೇನೋ ಹಿಂದಿನ ದಿನ ಮಂಗಳೂರಿನ ವಿಮಾನದಲ್ಲಿ ಯಾರದೋ ಬ್ಯಾಗಿನಲ್ಲಿ ಒಣಮೀನಿನ ಪಕ್ಕ ಕೂತು ಬಂದಿತ್ತು. ಕಲ್ಲು ಇರಲಿಲ್ಲ. ಊರಿನಿಂದ ತಂದು ವರ್ಷಗಟ್ಟಲೆ ಸಾಸಿವೆ ಡಬ್ಬಿಯ ಹಿಂದೆ ಇಟ್ಟಿದ್ದ ಬಿಳಿ ಕಲ್ಲು ಮನೆ ಬದಲಿಸುವಾಗ ಎಲ್ಲಿ ಹೋಯಿತೋ, ದೇವರೇ ಬಲ್ಲ.

ಮರುಭೂಮಿಯಲ್ಲಿ ಕಲ್ಲಿಗೆ ಬರವೇ ಎಂದು ನೀವು ಕೇಳಬಹುದು. ಆ ಬಡಾವಣೆಯಲ್ಲಿ ನಿಂತು ಒಮ್ಮೆ ಹುಡುಕಿ ನೋಡಿ. ಇಂಟರ್‌ಲಾಕ್ ಇಟ್ಟಿಗೆ, ಸಿಮೆಂಟು, ಮರಳು, ಮತ್ತೆ ಮರಳು. ಜಲಜಾಕ್ಷಿ ಬೆಳಕು ಹರಿಯುವ ಹೊತ್ತಿಗೆ ಅಂಗಳವನ್ನೆಲ್ಲ ಸುತ್ತಿ ಬೆವರಿಳಿಸಿಕೊಂಡು, ಸಿಟ್‌ಔಟಿನ ಬೀಗ ತೆಗೆದು ಅಗಾತಾ ಟೀಚರ ಕುಂಡಗಳ ಹತ್ತಿರ ಬಂದಳು. ಅಲ್ಲಿ ಹೊಳೆಯುವ ಬಿಳಿ ಉರುಟು ಕಲ್ಲುಗಳಿದ್ದವು. ಉಗುರಿನಿಂದ ಕೆರೆದರೆ ಬಣ್ಣ ಎದ್ದುಬಂತು. ಮಲ್ಲಿಗೆಯ ಬುಡದಲ್ಲಿ ಮಾತ್ರ ಅಂಗೈಯಗಲದ ಒಂದು ನಿಜವಾದ ಕಲ್ಲು ಇತ್ತು. ಓಲೆಬೆಲ್ಲದ ಕಂದು ಬಣ್ಣ, ಪದರ ಪದರವಾಗಿದೆ, ಒಂದು ಅಂಚು ಕೊಳವೆಯಿಂದ ಕತ್ತರಿಸಿದಂತೆ ಬಾಗಿ ನುಣುಪಾಗಿದೆ. ಬಿಳಿಯದಲ್ಲ ನಿಜ, ಆದರೆ ಕಲ್ಲು ಕಲ್ಲೇ ತಾನೆ. ಕಾಯಿಸಿ, ತೊಳೆದು, ಮಧ್ಯಾಹ್ನದೊಳಗೆ ಇಲ್ಲೇ ತಂದಿಟ್ಟರಾಯಿತು ಎಂದುಕೊಂಡು ಸೆರಗಿನಲ್ಲಿ ಸುತ್ತಿ ಮೇಲೆ ತಂದಳು.

ಗ್ಯಾಸಿನ ಉರಿಯ ಮೇಲೆ ಜಾಲರಿ ಇಟ್ಟು, ಅದರ ಮೇಲೆ ಕಲ್ಲು ಇಟ್ಟಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಲ್ಲಿನ ಮೈ ಬೆವರಿದಂತೆ ಮಿರುಗಿತು. ಕಲ್ಲು ಬೆವರುವುದನ್ನು ಜಲಜಾಕ್ಷಿ ಹುಟ್ಟಿದಮೇಲೆ ನೋಡಿರಲಿಲ್ಲ; ಬಗ್ಗಿ ನೋಡಿದಳು. ಬಗ್ಗಿದ ಮೂಗಿಗೆ ಬಡಿದದ್ದು ಡಾಮರಿನ, ಸೀಮೆಎಣ್ಣೆಯ, ಕೊಳೆತ ಮೊಟ್ಟೆಯ ವಾಸನೆ, ಮೂರೂ ಒಟ್ಟಿಗೆ. ಹಿಂದೆಯೇ ಹಳದಿ ಹೊಗೆ. ಆಕೆಗೆ ತೋಚಿದ್ದು ಒಂದೇ, ಗ್ಯಾಸ್ ಲೀಕ್. ಸಿಲಿಂಡರಿನ ಕಿವಿ ತಿರುಪಿ ಬಂದ್ ಮಾಡಿದಳು. ಒಲೆಯ ಉರಿ ಆರಿತು. ಕಲ್ಲಿನ ತುದಿಯಲ್ಲಿ ಮಾತ್ರ ಒಂದು ಸಣ್ಣ ಉರಿ, ದೀಪದ ಕುಡಿಯಷ್ಟು, ತನ್ನ ಪಾಡಿಗೆ ಉರಿಯುತ್ತಲೇ ಇತ್ತು. ಜಲಜಾಕ್ಷಿ ಕೂಗುವುದಕ್ಕೂ ಮರೆತಳು. ಆಮೇಲೆ ನೆನಪಾಗಿ ಇಡೀ ವಿಲ್ಲಾ ಏಳುವಂತೆ ಕೂಗಿದಳು, ಚೆಂಬಿನಲ್ಲಿದ್ದ ನೀರನ್ನು ಕಲ್ಲಿನ ಮೇಲೆ ಎರಚಿದಳು. ಟಪ್ ಎಂದು ಕಲ್ಲು ಎರಡು ಹೋಳಾಯಿತು.

ಮೂರೂ ಮನೆಗೆ ಸೇರಿದ ಅಂಗಳದಲ್ಲಿ ಇದ್ದಬದ್ದವರೆಲ್ಲ ಬಂದು ನಿಂತರು. ಹಮೀದರು ಲುಂಗಿ ಎತ್ತಿ ಕಟ್ಟಿಕೊಂಡು, "ಯಲ್ಲಾ, ಎಲ್ಲಾ ಹೊರಗೆ ಬನ್ನಿ, ಸ್ವಿಚ್ ಯಾರೂ ಮುಟ್ಟಬೇಡಿ!" ಎಂದು ಗದರಿಸುತ್ತಿದ್ದರು. ಗುಣಪಾಲ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಮೆಟ್ಟಿಲಿಳಿದಿದ್ದ. ಹೆದರದವಳು ನುಹಾ ಒಬ್ಬಳೇ. ಅವಳು ಮೆಟ್ಟಿಲ ಮೇಲೆ ನಿಂತು ಎರಡು ಸಲ ಮೂಗೆಳೆದು, ನೇರ ಅಡುಗೆಮನೆಗೆ ಹೋಗಿ, ಎರಡು ಹೋಳನ್ನೂ ಇಕ್ಕಳದಲ್ಲಿ ಹಿಡಿದುಕೊಂಡು ಬಂದಳು.

"ಗ್ಯಾಸ್ ಅಲ್ಲ ಆಂಟಿ, ಇದು ನಮ್ಮ ಲ್ಯಾಬಿನ ವಾಸನೆ," ಅಂದಳು. "ಈ ಕಲ್ಲು ನಿಮ್ಗೆ ಎಲ್ಲಿಂದ ಸಿಕ್ತು?"

"ಇಲ್ಲೇ ಬಿದ್ದಿತ್ತು," ಅಂದಳು ಜಲಜಾಕ್ಷಿ. "ಕಲ್ಲಿಗೆ ಬೆಂಕಿ ಹಿಡೀತು ನುಹಾ. ಕಲ್ಲಿಗೆ ಹೇಗೆ ಬೆಂಕಿ ಹಿಡೀತದೆ?"

"ದೊಡ್ಡ ಕಥೆ ಅದು. ರಜೆ ದಿವಸ ಹೇಳ್ತೇನೆ, ಈಗ ನಂಗೆ ಡ್ಯೂಟಿ ಉಂಟು."

ಆ ವರ್ಷದ ಕಷಾಯಕ್ಕೆ ಕಲ್ಲಿನ ಒಗ್ಗರಣೆ ಬೀಳಲಿಲ್ಲ. ಕಹಿಗೇನೂ ಕೊರತೆಯಾಗಲಿಲ್ಲ. ಮೇಲಿಂದ ಮೆಂತೆ ಗಂಜಿ ಉಂಡು ಗುಣಪಾಲ ಕೆಲಸಕ್ಕೆ ಹೋದ.

ಸಂಜೆ ಜಲಜಾಕ್ಷಿ ಎಂದಿನಂತೆ ಗಿಡಗಳಿಗೆ ನೀರು ಹಾಕಿ ಫೋಟೋ ಕಳಿಸಿದಳು. ಕಲ್ಲಿನ ವಿಷಯ ಯಾರು ಗಮನಿಸುತ್ತಾರೆ ಎಂದುಕೊಂಡಿದ್ದಳು. ಹತ್ತು ನಿಮಿಷದಲ್ಲಿ ಶಿರ್ವದಿಂದ ಅಗಾತಾ ಟೀಚರ ದನಿ ಬಂತು, ಹಿಂದೆ ಮಳೆಯ ಸದ್ದು.

"ಜಲಜಕ್ಕ, ಗಿಡ ಎಲ್ಲ ಚಂದ ಉಂಟು. ಮಲ್ಲಿಗೆ ಬುಡದಲ್ಲಿದ್ದ ಕಲ್ಲು ಕಾಣ್ತಾ ಇಲ್ಲ ಅಲ್ವಾ? ಅದು ಆಸ್ವಾಲ್ಡ್ ರಿಗ್ಗಿಂದ ತಂದದ್ದು. ಅವ್ರ ಅಂಗಿ, ಬೂಟು, ವಾಚು ಎಲ್ಲ ಕೊಟ್ಟಾಯ್ತು. ಅದೊಂದು ನಾನು ಇಟ್ಕೊಂಡದ್ದು. ಸ್ವಲ್ಪ ನೋಡಿ ಆಯ್ತಾ."

ಜಲಜಾಕ್ಷಿ ಅಲ್ಲೇ ಕುಂಡಗಳ ನಡುವೆ ಕೂತಳು. ಸತ್ತ ಗಂಡನ ನೆನಪಿಗೆಂದು ಒಬ್ಬಳು ಹೆಂಗಸು ಇಟ್ಟುಕೊಂಡಿದ್ದ ಒಂದೇ ಒಂದು ವಸ್ತುವನ್ನು ತಾನು ಒಲೆಯ ಮೇಲಿಟ್ಟು ಸುಟ್ಟಿದ್ದೇನೆ, ಅದೂ ಅವಳೇ ನಂಬಿ ಕೊಟ್ಟ ಬೀಗದ ಕೈಯಿಂದ ಒಳಗೆ ಹೋಗಿ. ಬಸ್ಸಿನಲ್ಲಿ ಮಕ್ಕಳು ಸುಳ್ಳು ಹೇಳಿದರೆ ಕಣ್ಣು ದೊಡ್ಡದು ಮಾಡುವ ಜಲಜಾಕ್ಷಿ ಫೋನನ್ನು ಬಾಯಿಯ ಹತ್ತಿರ ಹಿಡಿದು, "ಉಂಟು ಟೀಚರ್, ಉಂಟು. ಧೂಳು ಹಿಡಿದಿತ್ತು, ತೊಳೆದು ಒಳಗೆ ಇಟ್ಟಿದ್ದೇನೆ," ಎಂದಳು. ಅತ್ತ ಕಡೆಯಿಂದ ಕೈಮುಗಿದ ಚಿತ್ರವೊಂದು ಬಂತು. ಅದನ್ನು ನೋಡಿದ ಮೇಲೆ ಆಕೆಗೆ ಅನ್ನ ಸೇರಲಿಲ್ಲ.

ಟೀಚರು ಬರುವುದು ಆಗಸ್ಟ್ ಕೊನೆಗೆ. ಅಷ್ಟರೊಳಗೆ ಅಂಥದೇ ಇನ್ನೊಂದು ಕಲ್ಲು ಸಿಕ್ಕಿಬಿಟ್ಟರೆ? ರಜೆಯ ದಿನ ಬೆಳಿಗ್ಗೆಯೇ ಹೋಳುಗಳನ್ನು ಟವಲಿನಲ್ಲಿ ಕಟ್ಟಿಕೊಂಡು ಆಕೆ ಕೆಳಗೆ ನುಹಾಳ ಬಳಿ ಹೋದಳು, ನಡೆದದ್ದನ್ನೆಲ್ಲ ಹೇಳಿಕೊಂಡಳು.

ಒಂದು ಹೋಳು ಸುಟ್ಟು ಬೂದಿಬಣ್ಣವಾಗಿ ಮುಟ್ಟಿದರೆ ಉದುರುತ್ತಿತ್ತು. ಉರಿ ತಾಗದ ಇನ್ನೊಂದು ಹೋಳು ಮೊದಲಿನ ಕಂದು ಬಣ್ಣದಲ್ಲೇ ಇತ್ತು. ನುಹಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಆಂಟಿ, ಈ ಊರು ಇದೆಯಲ್ಲ, ಹತ್ತು ಕೋಟಿ ವರ್ಷದ ಹಿಂದೆ ಸಮುದ್ರ. ಈ ಕಲ್ಲು ಆ ಸಮುದ್ರದ ತಳದ ಕೆಸರು."

"ಡೈನೋಸಾರು?"

"ಅವು ಆಗ ಇದ್ವು, ಆದ್ರೆ ಎಣ್ಣೆಗೂ ಅವಕ್ಕೂ ಸಂಬಂಧ ಇಲ್ಲ. ಯಾರು ಹೇಳಿದ್ದು ನಿಮ್ಗೆ?"

ಜಲಜಾಕ್ಷಿ ಮೇಲಿನ ಮಹಡಿಯ ಕಡೆ ನೋಡಿದಳು. "ಮತ್ತೆ ಯಾರ ಕೊಬ್ಬು ಅದು?"

"ಕಣ್ಣಿಗೇ ಕಾಣದ ಜೀವಿಗಳದ್ದು. ಪ್ಲಾಂಕ್ಟನ್, ಪಾಚಿ. ಸಮುದ್ರದ ಮೇಲೆ ತೇಲ್ತಾ ಬಿಸಿಲಲ್ಲಿ ಬೆಳೀತವೆ, ಸಾಯ್ತವೆ, ಕೆಳಗೆ ಬೀಳ್ತವೆ. ದಿನಾ ಬೀಳ್ತಾನೇ ಇರ್ತವೆ."

"ಬಿದ್ದದ್ದು ಕೊಳೆಯೂದಿಲ್ವಾ?"

"ಚೆನ್ನಾಗಿ ಕೊಳೀಬೇಕಾದ್ರೆ ಆಕ್ಸಿಜನ್ ಬೇಕು. ಆ ತಳದ ನೀರಲ್ಲಿ ಅದು ಇರ್ಲಿಲ್ಲ. ಹಾಗಾಗಿ ಪೂರ್ತಿ ಕೊಳೀದೆ ಕೆಸರಲ್ಲೇ ಉಳೀತು."

ಜಲಜಾಕ್ಷಿಗೆ ತಟ್ಟನೆ ತನ್ನೂರಿನ ಹೊಳೆಬಾಯಿ ಕಣ್ಣಿಗೆ ಬಂತು. ಸಣ್ಣವಳಿದ್ದಾಗ ನೀರಿಳಿದ ಹೊತ್ತಿನಲ್ಲಿ ಮರುವಾಯಿ ಚಿಪ್ಪು ಹೆಕ್ಕಲು ಹೋಗುತ್ತಿದ್ದಳು. ಮೇಲಿನ ಕೆಸರು ಬೂದು ಬಣ್ಣ, ಕೈ ಮೊಣಗಂಟಿನವರೆಗೆ ಇಳಿಸಿದರೆ ಒಳಗಿನದು ಕಾಡಿಗೆಯಷ್ಟು ಕಪ್ಪು, ಕೊಳೆತ ಮೊಟ್ಟೆಯ ನಾತ. ಆ ನಾತ ಎಲ್ಲಿಂದ ಎಂದು ಅಮ್ಮನನ್ನು ಕೇಳಿ, ಕೈ ತೊಳೆಯದೆ ಬಂದದ್ದಕ್ಕೆ ಬೈಸಿಕೊಂಡಿದ್ದಳು. ಅದನ್ನು ಈಗ ನುಹಾಳಿಗೆ ಹೇಳಿದರೆ ಅವಳು ಕೂತಲ್ಲಿಂದ ಎದ್ದೇಬಿಟ್ಟಳು.

"ಅದೇ ಆಂಟಿ! ಅಲ್ಲೂ ಅಡಿಯಲ್ಲಿ ಗಾಳಿ ಇಲ್ಲ. ಇದ್ರದ್ದೂ ಶುರು ಹಾಗೇನೇ. ಅದರ ಮೇಲೆ ಮಣ್ಣು, ಸುಣ್ಣ ಬಿದ್ದು ಬಿದ್ದು ಕೆಳಗೆ ಕೆಳಗೆ ಹೋಗಬೇಕು. ಕೆಳಗೆ ಹೋದ ಹಾಗೆ ಭೂಮಿ ಬಿಸಿ. ಮೇಲಿನ ಭಾರಕ್ಕೆ ಕೆಸರು ಕಲ್ಲಾಗ್ತದೆ, ಆ ಬಿಸಿಗೆ ಒಳಗೆ ಉಳಿದದ್ದು ಬೆಂದು ಎಣ್ಣೆ ಆಗ್ತದೆ."

"ಎಷ್ಟು ಬಿಸಿ ಬೇಕು? ಕಬ್ಬಿಣ ಕರಗುವಷ್ಟಾ?"

"ಇಲ್ಲ ಇಲ್ಲ. ನಿಮ್ಮ ಗಂಜಿ ಕುದಿಯೋವಷ್ಟು. ಅದರ ಆಚೆ ಈಚೆ."

"ಅಷ್ಟೇಯಾ?"

"ಅಷ್ಟೇ. ಆದ್ರೆ ಒಲೆಯಿಂದ ಇಳಿಸೋ ಹಾಗಿಲ್ಲ, ಲಕ್ಷ ಲಕ್ಷ ವರ್ಷ. ಉರಿ ಇನ್ನೂ ಜಾಸ್ತಿ ಆದ್ರೆ ಎಣ್ಣೆ ಹೋಗಿ ಗ್ಯಾಸ್ ಆಗ್ತದೆ. ಅದಕ್ಕೂ ಜಾಸ್ತಿ ಆದ್ರೆ ಖಲಾಸ್, ಬರೇ ಕರಿ."

ಲಕ್ಷ ಲಕ್ಷ ವರ್ಷ ಸಣ್ಣ ಉರಿಯಲ್ಲಿ ಬೇಯುವ ಒಂದು ಪಾತ್ರೆಯನ್ನು ಜಲಜಾಕ್ಷಿ ಮನಸ್ಸಿನಲ್ಲಿ ಕಾಣಲು ನೋಡಿದಳು. ಆಗಲಿಲ್ಲ. ಬೇಳೆ ಬೇಯುವುದು ತಡವಾದರೆ ಕುಕ್ಕರಿಗೆ ಬೈಯುವ ಕುಲ ನಮ್ಮದು.

"ಹಾಗಾದ್ರೆ ನಾನು ಒಲೆ ಮೇಲೆ ಇಟ್ಟಾಗ ಆದದ್ದು ಎಂತ?"

"ಈ ಕಲ್ಲು ಅಷ್ಟು ಆಳಕ್ಕೆ ಹೋಗ್ಲೇ ಇಲ್ಲ, ಬೇಯದೆ ಉಳಿದದ್ದು. ಭೂಮಿ ಮಾಡದೆ ಬಿಟ್ಟ ಕೆಲಸ ನೀವು ಗಡಿಬಿಡಿಯಲ್ಲಿ ಮಾಡಿದ್ರಿ. ನಾವು ಮಾಡೋದೂ ಅದೇ. ಚಿಟಿಕೆ ಪುಡಿ ಮೆಷಿನಿಗೆ ಹಾಕಿ ಬಿಸಿ ಮಾಡೋದು, ಎಷ್ಟು ಎಣ್ಣೆ ಹೊರಡ್ತದೆ ಅಂತ ಅಳೆಯೋದು."

ಜಲಜಾಕ್ಷಿಗೆ ಬಂದ ಕೆಲಸವೇ ಮರೆತುಹೋಯಿತು. ಕಲ್ಲಿನಲ್ಲಿ ಹುಟ್ಟಿದ ಎಣ್ಣೆ ಕೆರೆಗೆ ಹೇಗೆ ಹೋಗುತ್ತದೆ ಎಂದಳು. ಕೆರೆಯೂ ಇಲ್ಲ, ಗಿರೆಯೂ ಇಲ್ಲ ಎಂದಳು ನುಹಾ. ಎಣ್ಣೆ ನೀರಿಗಿಂತ ಹಗುರ, ಮೀನುಸಾರಿನಲ್ಲಿ ತೇಲುವಂತೆ ಮೇಲೆ ಮೇಲೆ ಬರುತ್ತದೆ, ಬಂದು ಸಣ್ಣ ಸಣ್ಣ ತೂತಿನ ಕಲ್ಲಿನೊಳಗೆ ತುಂಬಿಕೊಳ್ಳುತ್ತದೆ. ಮೇಲೆ ತೂತಿಲ್ಲದ ಗಟ್ಟಿ ಪದರವೊಂದು ಮುಚ್ಚಳದಂತೆ ಕೂತಿದ್ದರೆ ಅಲ್ಲೇ ನಿಲ್ಲುತ್ತದೆ, ಇಲ್ಲದಿದ್ದರೆ ಸೋರಿ ಹೋಗುತ್ತದೆ. ಕಲ್ಲಿದ್ದಲು ಬೇರೆ ಕಥೆ, ಅದು ಜೌಗು ನೆಲದ ಗಿಡಮರಗಳದ್ದು. ಎಲ್ಲ ಕೇಳಿ ಜಲಜಾಕ್ಷಿ ಹಣೆ ಬಡಿದುಕೊಂಡಳು.

"ಅಯ್ಯೋ, ಇಡೀ ಬಸ್ಸಿಗೆ ಕೆರೆ ಅಂತ ಹೇಳಿಟ್ಟಿದ್ದೇನೆ ನುಹಾ."

ಆಮೇಲೆ ಟವಲು ನೋಡಿ ಬಂದ ಕೆಲಸ ನೆನಪಾಯಿತು. ದನಿ ಸಣ್ಣದು ಮಾಡಿ, ಇಂಥದೇ ಇನ್ನೊಂದು ಚೂರು ನಿಮ್ಮಲ್ಲಿ ಸಿಗಬಹುದಾ ಎಂದು ಕೇಳಿದಳು.

"ನಮ್ಮಲ್ಲಿ ಒಂದು ಚೂರೂ ಹೊರಗೆ ತರೋ ಹಾಗಿಲ್ಲ ಆಂಟಿ. ಹಿಂದೆ ಯಾರೋ ಅಂಕಲಿಗೆ ನೆನಪಿಗೆ ಅಂತ ಕೊಟ್ಟಿರ್ಬೇಕು. ಮತ್ತೆ, ಸಿಕ್ಕಿದ್ರೂ ಇದೇ ಆಗೋದಿಲ್ಲ. ಕೊರೆದ ಬಾವಿಯಲ್ಲಿ ಒಂದು ಗೇಣು ಮೇಲೆ ಕೆಳಗೆ ಆದ್ರೆ ಅದು ಬೇರೆ ಕಾಲದ ಕೆಸರು."

ಗುಣಪಾಲನಿಗೆ ಇದು ಸಮಸ್ಯೆಯಾಗಿಯೇ ಕಾಣಲಿಲ್ಲ. "ಕಲ್ಲಿನ ಮೇಲೆ ಆಸ್ವಾಲ್ಡ್ ಅಂತ ಹೆಸರು ಬರ್ದಿದೆಯಾ? ಕಂದು ಬಣ್ಣದ್ದು ಒಂದು ತಂದಿಟ್ರೆ ಆಯ್ತು," ಎಂದು, ಮುಂದಿನ ವಾರ ಅಲ್ ಐನಿನಲ್ಲಿ ನರ್ಸ್ ಆಗಿರುವ ಅವನ ತಂಗಿ ವಿಶಾಲಾಕ್ಷಿಯ ಮನೆಗೆ ಹೋದಾಗ ಕಾರನ್ನು ಹಫೀತ್ ಬೆಟ್ಟದ ಬುಡಕ್ಕೆ ತಿರುಗಿಸಿದ. ಬಿಸಿಲು ಬೆಂಕಿಯಾಗಿತ್ತು. ದಾರಿಬದಿಯಲ್ಲಿ ಹುಡುಕಿ, ಅಂಗೈಯಗಲದ್ದು, ಬಿಸಿಲಿಗೆ ಕಂದಿದ್ದು, ಚಪ್ಪಟೆಯದೊಂದನ್ನು ಗೆದ್ದವನಂತೆ ಎತ್ತಿ ಹಿಡಿದ. ಬಣ್ಣ ಹೊಂದುತ್ತಿತ್ತು. ದೂರದಿಂದ ನೋಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಜಲಜಾಕ್ಷಿ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿದಳು. ಒಂದು ತಿಂಗಳ ಹಿಂದಾದರೆ ಕಾರಿನ ಡಿಕ್ಕಿಗೆ ಹಾಕುತ್ತಿದ್ದಳು. ಈಗ ಕಣ್ಣು ಸುಮ್ಮನಿರಲಿಲ್ಲ. ಕಲ್ಲಿನ ಒಡೆದ ಮಗ್ಗುಲಲ್ಲಿ ಹಳೆಯ ಪೈಸೆಯಷ್ಟಗಲದ ಗುಂಡು ಗುರುತುಗಳು, ಒಂದರ ಮೇಲೊಂದು, ಒಳಗೆ ಸುರುಳಿ ಸುರುಳಿ ಗೆರೆ. ಚಿಪ್ಪು. ಇಷ್ಟು ದೊಡ್ಡ ಬೆಟ್ಟ, ಅದೂ ಒಂದು ಕಾಲದಲ್ಲಿ ನೀರಿನಡಿ ಇತ್ತು! ಮೇಲೆ ನೋಡಿದಳು, ಬೆಟ್ಟದ ತುದಿಯವರೆಗೂ ಅದೇ ಬಣ್ಣದ ಪದರಗಳು. ಆಕೆಗೆ ಮೈ ಜುಮ್ಮೆಂದಿತು, ಸೆಕೆಯೂ ಮರೆತುಹೋಯಿತು.

"ನಡಿ, ಹೊರಡುವ," ಅಂದ ಗುಣಪಾಲ.

"ಇದು ಆಗುದಿಲ್ಲ."

"ಯಾಕೆ ಆಗುದಿಲ್ಲ? ಬಣ್ಣ ಒಂದೇ ಉಂಟಲ್ಲ?"

"ಇದು ಬೇರೆ ಸಮುದ್ರದ್ದು," ಅಂದಳು ಜಲಜಾಕ್ಷಿ.

ಗುಣಪಾಲ ಹೆಂಡತಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದ, ಬಿಸಿಲು ಹೊಡೆದಿರಬೇಕು ಎಂದು ನೀರಿನ ಬಾಟಲಿ ಕೊಟ್ಟ. ಆಕೆ ಕಲ್ಲನ್ನು ಎತ್ತಿದ ಜಾಗದಲ್ಲೇ ಇಡದೆ ಬಿಡಲಿಲ್ಲ. ಗೊತ್ತಿಲ್ಲದಿದ್ದರೆ ಯಾವ ಕಲ್ಲಾದರೂ ನಡೆಯುತ್ತಿತ್ತು; ಗೊತ್ತಾದ ಮೇಲೆ ದಿನಾ ಬೆಳಿಗ್ಗೆ ಆ ಮಲ್ಲಿಗೆಯ ಮುಂದೆ ಹಾದು ಹೋಗುವುದು ತನ್ನಿಂದಾಗದು ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಹೇಳಿಬಿಡಬೇಕು, ಅಷ್ಟೇ. ಟೀಚರು ಮತ್ತೆ ಮುಖ ನೋಡದಿದ್ದರೂ ಹೇಳಿಬಿಡಬೇಕು.

ಶಾಲೆ ತೆರೆಯುವ ಮೊದಲಿನ ವಾರ ಅಗಾತಾ ಟೀಚರ್ ಬಂದರು. ಪೆಟ್ಟಿಗೆ ಬಿಚ್ಚುವ ಮೊದಲೇ ಸಿಟ್‌ಔಟಿಗೆ ಹೋಗಿ ಮಲ್ಲಿಗೆಯ ಮುಂದೆ ನಿಂತದ್ದು ಮೇಲಿನ ಕಿಟಕಿಗೆ ಕಾಣುತ್ತಿತ್ತು. ಜಲಜಾಕ್ಷಿ ಬೀಗದ ಕೈ ಮತ್ತು ಟವಲಿನ ಗಂಟು ಹಿಡಿದು ಇಳಿದಳು.

"ಟೀಚರ್, ನಾನು ಸುಳ್ಳು ಹೇಳಿದ್ದೆ," ಎಂದು ಬಾಗಿಲಲ್ಲೇ ಹೇಳಿದಳು, ಒಳಗೆ ಹೋದರೆ ಧೈರ್ಯ ಹೋಗುತ್ತದೆಂದು. ಕಷಾಯ, ಒಲೆ, ಹೊಗೆ, ನೀರು, ಒಂದನ್ನೂ ಬಿಡಲಿಲ್ಲ. ಟವಲು ಬಿಚ್ಚಿ ಮೇಜಿನ ಮೇಲಿಟ್ಟಳು.

ಅಗಾತಾ ಟೀಚರ್ ಹೋಳುಗಳನ್ನು ನೋಡುತ್ತಾ ನಿಂತರು. ಸುಟ್ಟ ಹೋಳನ್ನು ಮುಟ್ಟಿದಾಗ ಬೆರಳಿಗೆ ಬೂದಿ ಹತ್ತಿತು. ಅವರ ಕೆನ್ನೆ ಕೆಂಪಾಯಿತು.

"ಕೀ ಕೊಟ್ಟದ್ದು ನೀರು ಹಾಕ್ಲಿಕ್ಕೆ ಜಲಜಕ್ಕ. ಒಂದು ಫೋನ್ ಮಾಡಿ ಕೇಳ್ಲಿಕ್ಕೆ ಆಗ್ಲಿಲ್ವಾ? ಆಮೇಲೂ ತೊಳೆದು ಇಟ್ಟಿದ್ದೇನೆ ಅಂದ್ರಿ. ನಾನು ಥ್ಯಾಂಕ್ಸ್ ಬೇರೆ ಹೇಳಿದೆ."

ಜಲಜಾಕ್ಷಿ ಬೀಗದ ಕೈಯನ್ನು ಹೋಳುಗಳ ಪಕ್ಕದಲ್ಲಿಟ್ಟು ಹೊರಡಲು ತಿರುಗಿದಳು.

"ನಿಲ್ಲಿ," ಎಂದರು ಟೀಚರ್. "ಗ್ಯಾಸ್ ಲೀಕ್ ಅಂತ ಎಂತಕ್ಕೆ ಅನಿಸಿದ್ದು?"

"ವಾಸನೆ ಬಂತು."

"ಎಂಥ ವಾಸನೆ?"

"ಎಣ್ಣೆದು ಟೀಚರ್. ಡಾಮರು, ಸೀಮೆಎಣ್ಣೆ, ಹಾಗೆ. ಮೊದ್ಲು ಬೆವರಿತು. ಒಲೆ ಬಂದ್ ಮಾಡಿದ್ರೂ ತುದಿಯಲ್ಲಿ ಉರೀತಾ ಇತ್ತು."

"ಕಲ್ಲು?"

"ಕಲ್ಲೇ."

ಅಗಾತಾ ಟೀಚರ್ ಕುರ್ಚಿ ಎಳೆದು ಕೂತರು. ಉಳಿದ ಕಂದು ಹೋಳನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ಜಲಜಾಕ್ಷಿ ನಿಂತೇ ಇದ್ದಳು.

"ಇದನ್ನು ತಂದ ದಿವಸ ಇದೇ ಟೇಬಲ್ ಮೇಲೆ ಇಟ್ರು," ಎಂದರು ಕೊನೆಗೆ. "ಅಗಾತಾ, ಇದರ ಒಳಗೆ ಎಣ್ಣೆ ಉಂಟು ಗೊತ್ತಾ ಅಂದ್ರು. ನಾನು ನಗಾಡಿದೆ. ಹಿಂಡಿ ಕೊಡಿ, ಚಪಾತಿಗೆ ಆಗ್ತದೆ ಅಂದೆ. ಆಮೇಲೆ ಬಂದವರ ಹತ್ರ ಎಲ್ಲ ಅದೇ ಜೋಕ್. ನಮ್ಮವರು ರಿಗ್ಗಿಂದ ಎಣ್ಣೆ ತಂದಿದ್ದಾರೆ ನೋಡಿ ಅಂತ ಕಲ್ಲು ತೋರಿಸೂದು. ಎಲ್ಲ ನಗೂದು. ಅವ್ರೂ ನಗ್ತಿದ್ರು. ಮತ್ತೆ ಯಾವತ್ತೋ ಹೇಳೂದೇ ಬಿಟ್ರು."

ಅವರು ಹೋಳನ್ನು ಮತ್ತೊಮ್ಮೆ ಮೂಗಿನ ಹತ್ತಿರ ಹಿಡಿದರು.

"ನಿಜವಾಗಿಯೂ ಇತ್ತು ಅಲ್ವಾ?"

"ಇತ್ತು ಟೀಚರ್. ನಾನು ಕಣ್ಣಲ್ಲಿ ನೋಡಿದ್ದೇನೆ."

"ಕೂತ್ಕೊಳ್ಳಿ ಜಲಜಕ್ಕ," ಎಂದರು ಅಗಾತಾ ಟೀಚರ್, ಕಣ್ಣೊರೆಸಿಕೊಂಡು. "ಹೇಗೆ ಬಂತು ಅದು ಇದರ ಒಳಗೆ? ಅವ್ರು ಹೇಳ್ಲಿಕ್ಕೆ ಹೊರಟದ್ದು ಎಂತ? ನಂಗೆ ಹೇಳಿ."

ಜಲಜಾಕ್ಷಿ ಎದುರಿನ ಕುರ್ಚಿಯ ತುದಿಯಲ್ಲಿ ಕೂತು ಶುರು ಮಾಡಿದಳು. ಇಲ್ಲಿ ಮೊದಲು ಸಮುದ್ರ ಇತ್ತು ಎಂದಳು. ತೇಲುವ ಸಣ್ಣ ಜೀವಿಗಳನ್ನು ಹೇಳಿದಳು, ಗಾಳಿ ಇಲ್ಲದ ತಳವನ್ನು ಹೇಳಿದಳು, ಹೊಳೆಬಾಯಿಯ ಕಪ್ಪು ಕೆಸರನ್ನು ಕೈಯಲ್ಲೇ ತೋರಿಸಿದಳು. ಗಂಜಿಯಷ್ಟು ಬಿಸಿ, ಲಕ್ಷ ಲಕ್ಷ ವರ್ಷ ಎಂದಾಗ ಟೀಚರ್ ಅದನ್ನು ಬಾಯಲ್ಲೇ ಮತ್ತೊಮ್ಮೆ ಹೇಳಿಕೊಂಡರು. ಈ ಕಲ್ಲು ಬೇಯದೆ ಉಳಿದದ್ದು, ಅದಕ್ಕೇ ಎಣ್ಣೆ ಕಣ್ಣಿಗೆ ಕಾಣುತ್ತಿರಲಿಲ್ಲ ಎಂದು ವಿವರಿಸಿದಳು. ಅಗಾತಾ ಟೀಚರ್ ಎಲ್ಲಿಯೂ ನಗಲಿಲ್ಲ, ಎಲ್ಲಿಯೂ ತಡೆಯಲಿಲ್ಲ.

"ಆ ಸಮುದ್ರಕ್ಕೆ ಹೆಸರು ಉಂಟಾ?" ಎಂದು ಕೇಳಿದರು ಕೊನೆಯಲ್ಲಿ.

"ಗೊತ್ತಿಲ್ಲ ಟೀಚರ್. ಅದೊಂದು ನಾನು ಕೇಳ್ಲಿಲ್ಲ."

"ಅವ್ರಿಗೆ ಗೊತ್ತಿತ್ತೋ ಏನೋ," ಎಂದರು ಅಗಾತಾ ಟೀಚರ್. "ನಾನೂ ಕೇಳ್ಲಿಲ್ಲ."